ಅಕ್ವೇರಿಯಂಗೆ ಎಂಥ ಎಕ್ಸ್‌ಟೆನ್ಷನ್ ಬೋರ್ಡ್ ಕೊಳ್ಳಬೇಕು, ಹೇಗೆ ಕೂರಿಸಬೇಕು

ಮೀನಿನ ತೊಟ್ಟಿ ಇಡುವವರು ಗಾಜು ಎಷ್ಟು ಎಂಎಂ ಅಂತ ಕೇಳುತ್ತಾರೆ. ಫಿಲ್ಟರ್ ಗಂಟೆಗೆ ಎಷ್ಟು ಲೀಟರ್ ತಿರುಗಿಸುತ್ತದೆ ಅಂತ ವಿಚಾರಿಸುತ್ತಾರೆ. ಮೀನಿಗಂತೂ ನಾಲ್ಕು ಅಂಗಡಿ ಸುತ್ತುತ್ತಾರೆ. ಇವೆಲ್ಲಕ್ಕೂ ಕರೆಂಟ್ ಕೊಡುವ ಬೋರ್ಡ್ ಮಾತ್ರ ಮನೆಯಲ್ಲೇ ಎಲ್ಲೋ ಬಿದ್ದಿದ್ದ ಹಳೇದು. ಹಬ್ಬಕ್ಕೆ ಸೀರಿಯಲ್ ಸೆಟ್ ಹಾಕಲು ತಂದಿದ್ದೋ, ಟಿವಿ ಹಿಂದಿನಿಂದ ಕಿತ್ತಿದ್ದೋ ಆಗಿರುತ್ತದೆ.

ಹೊಸದನ್ನೇ ಕೊಳ್ಳುವವರೂ ಕೇಳುವುದು ಎರಡೇ ಪ್ರಶ್ನೆ: ಎಷ್ಟು ಸಾಕೆಟ್ ಇದೆ, ಎಷ್ಟು ಲೋಡ್ ತಡೆಯುತ್ತದೆ? ನನ್ನ ಪ್ರಕಾರ ಮನೆಯ ತೊಟ್ಟಿಗೆ ಲೋಡ್ ದೊಡ್ಡ ವಿಷಯವೇ ಅಲ್ಲ. ಆಂಪ್ಸ್ ಲೆಕ್ಕ ಹಾಕುತ್ತಾ ಕೂತವರು ನೀರು ಎಲ್ಲಿಂದ ಹನಿಯುತ್ತದೆ, ಪಿನ್ ಎಷ್ಟು ಬಿಗಿಯಾಗಿ ಕೂರುತ್ತದೆ, ಕರೆಂಟ್ ಸೋರಿದರೆ ಲೈನ್ ಕಟ್ ಆಗುತ್ತದೋ ಇಲ್ಲವೋ ಅನ್ನುವುದನ್ನು ನೋಡುವುದೇ ಇಲ್ಲ. ಅಪಾಯ ಇರುವುದು ಅಲ್ಲೇ.

1. ಮೊದಲು ಕಾಗದದ ಮೇಲೆ ಲೆಕ್ಕ

ಲೋಡ್ ಯಾಕೆ ದೊಡ್ಡ ವಿಷಯ ಅಲ್ಲ ಅಂತ ಮೊದಲು ನೋಡಿಬಿಡೋಣ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಇದೆ ಅಂದುಕೊಳ್ಳಿ. ಅಂಚಿನವರೆಗೆ ತುಂಬಿದರೆ ಸುಮಾರು 190 ಲೀಟರ್. ಮರಳು, ಕಲ್ಲು ಹಾಕಿ, ಮೇಲೆ ಎರಡು ಬೆರಳು ಬಿಟ್ಟರೆ ನೀರು 160 ಲೀಟರ್ ಆಸುಪಾಸು. ಇದಕ್ಕೆ ಕ್ಯಾನಿಸ್ಟರ್ ಫಿಲ್ಟರ್ 20 ವ್ಯಾಟ್, ಎಲ್‌ಇಡಿ ಲೈಟ್ 36, ಏರ್ ಪಂಪ್ 5, ವೇವ್ ಮೇಕರ್ 6, ನೀರು ಶುದ್ಧ ಮಾಡುವ ಯುವಿ ದೀಪ 9, ಹೀಟರ್ 200. ಒಟ್ಟು 276 ವ್ಯಾಟ್.

ನಮ್ಮಲ್ಲಿ ಮನೆಗೆ ಬರುವುದು 230 ವೋಲ್ಟ್. 276ನ್ನು 230ರಿಂದ ಭಾಗಿಸಿದರೆ 1.2 ಆಂಪ್ಸ್. ಸಾಮಾನ್ಯ 6 ಆಂಪ್ಸ್ ಬೋರ್ಡ್ ಒಟ್ಟು 1380 ವ್ಯಾಟ್ ತಡೆಯುತ್ತದೆ. ಅಂದರೆ ಇಷ್ಟೆಲ್ಲ ಹಾಕಿದರೂ ಅದರ ಐದನೇ ಒಂದು ಭಾಗ ಮಾತ್ರ ಬಳಸಿದಂತೆ. ಇದರಲ್ಲಿ ಹೀಟರ್ ಒಂದನ್ನು ಬಿಟ್ಟರೆ ಉಳಿದದ್ದು ಬರೀ 76 ವ್ಯಾಟ್, ಒಂದು ಸೀಲಿಂಗ್ ಫ್ಯಾನಿನಷ್ಟು.

ಹೀಟರ್ ಎಲ್ಲರಿಗೂ ಬೇಕಾಗುವುದೂ ಇಲ್ಲ. ಮಂಗಳೂರು, ಉಡುಪಿ ಕಡೆ ಗಪ್ಪಿ, ಮೋಲಿ ಸಾಕುವವರು ವರ್ಷವಿಡೀ ಅದಿಲ್ಲದೆ ನಡೆಸಬಹುದು. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನ ಡಿಸೆಂಬರ್-ಜನವರಿ ರಾತ್ರಿಗಳಿಗೆ ಬೇಕು. ಡಿಸ್ಕಸ್ ಸಾಕಿದರೆ ಎಲ್ಲಿದ್ದರೂ ಬೇಕು, ಅದಕ್ಕೆ 28ರಿಂದ 30 ಡಿಗ್ರಿ ಇರಬೇಕಲ್ಲ. ಲೀಟರಿಗೆ ಒಂದು ವ್ಯಾಟ್ ಅನ್ನುವುದು ಹೀಟರ್‌ಗೆ ಸುಮಾರು ಲೆಕ್ಕ.

ಈ ಲೆಕ್ಕಕ್ಕೆ ಸಿಗದ ಒಂದೇ ಸಾಮಾನು ನೀರು ತಣ್ಣಗಿಡುವ ಚಿಲ್ಲರ್. ಉಪ್ಪುನೀರಿನ ತೊಟ್ಟಿ ಇಟ್ಟವರು ಬಳಸುತ್ತಾರೆ. ಅದರೊಳಗೆ ಫ್ರಿಜ್‌ನಲ್ಲಿ ಇರುವಂಥ ಕಂಪ್ರೆಸರ್ ಇರುತ್ತದೆ. ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಅದನ್ನು ಯಾವ ಬೋರ್ಡಿಗೂ ಹಾಕಬೇಡಿ. ಗೋಡೆಯ 16 ಆಂಪ್ಸ್ ಸಾಕೆಟ್ ಅದೊಂದಕ್ಕೇ ಇರಲಿ.

ಪಟ್ಟಿ ಬರೆಯುವಾಗ ಪ್ರತಿ ಸಾಮಾನಿನ ಪ್ಲಗ್ ಎಂಥದ್ದು ಅಂತಲೂ ಪಕ್ಕದಲ್ಲಿ ಬರೆದುಕೊಳ್ಳಿ: ದುಂಡು ಎರಡು ಪಿನ್, ಚಪ್ಪಟೆ ಎರಡು ಪಿನ್, ಮೂರು ಪಿನ್, ಅಡಾಪ್ಟರ್ ಡಬ್ಬಿ. ಅಂಗಡಿಯಲ್ಲಿ ವ್ಯಾಟ್‌ಗಿಂತ ಇದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

2. ಬೋರ್ಡ್ ಕೊಳ್ಳುವ ಮೊದಲು ಗೋಡೆಯ ಸಾಕೆಟ್ ನೋಡಿ

ಎಷ್ಟೇ ದುಬಾರಿ ಬೋರ್ಡ್ ತಂದರೂ ಅದು ಗೋಡೆಯಲ್ಲಿ ಇರುವುದನ್ನಷ್ಟೇ ಮುಂದಕ್ಕೆ ಕೊಡುತ್ತದೆ. ಗೋಡೆಯಲ್ಲಿ ಅರ್ತಿಂಗ್ ಇಲ್ಲದಿದ್ದರೆ ಬೋರ್ಡಿನ ಮೂರನೇ ತೂತು ಸುಮ್ನೆ ಅಲಂಕಾರಕ್ಕೆ. ಹಳೇ ಮನೆಗಳಲ್ಲಿ, ಅದರಲ್ಲೂ ಬಾಡಿಗೆ ಮನೆಗಳಲ್ಲಿ ಇದು ತೀರಾ ಮಾಮೂಲು. ಎಲೆಕ್ಟ್ರಿಷಿಯನ್ ಕರೆಸಿ ಮಲ್ಟಿಮೀಟರ್‌ನಲ್ಲಿ ನೋಡಿಸಿ. ಫೇಸ್-ನ್ಯೂಟ್ರಲ್ ನಡುವೆ 230ರ ಹತ್ತಿರ ಬರಬೇಕು. ಫೇಸ್-ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್-ಅರ್ತ್ ನಡುವೆ ಬೆರಳೆಣಿಕೆಯ ವೋಲ್ಟ್ ಮಾತ್ರ. ಹಾಗೇ ಫೇಸ್ ಬಲಗಡೆ ತೂತಿನಲ್ಲೇ ಇದೆಯಾ ಅಂತಲೂ ಕೇಳಿ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಅದಕ್ಕಿಂತ ಮುಖ್ಯವಾದದ್ದು ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕಟ್ ಮಾಡುವ ಸ್ವಿಚ್. ಕೆಲವರು ಈಗಲೂ ಇಎಲ್‌ಸಿಬಿ ಅನ್ನುತ್ತಾರೆ. ಮನೆಯ ಡಿಬಿ ಬಾಕ್ಸಿನಲ್ಲಿ, ಅಂದರೆ ಎಲ್ಲ ಲೈನಿಗೆ ಕರೆಂಟ್ ಹಂಚುವ ಡಬ್ಬಿಯಲ್ಲಿ, ಸಾಲಾಗಿ ಇರುವ ಎಂಸಿಬಿ ಸ್ವಿಚ್‌ಗಳೇ ನಮ್ಮನ್ನು ಶಾಕ್‌ನಿಂದ ಕಾಪಾಡುತ್ತವೆ ಅಂತ ತುಂಬ ಜನ ನಂಬಿದ್ದಾರೆ. ಇಲ್ಲ. ಎಂಸಿಬಿ ಕಾಯುವುದು ವೈರನ್ನು. ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಬೀಳುತ್ತದೆ. ನಿಮ್ಮ ಮೈಯಲ್ಲಿ ಹರಿಯುವ ಕರೆಂಟ್ ಒಂದು ಆಂಪ್ಸಿನ ಸಣ್ಣ ಭಾಗ, ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ.

ಆರ್‌ಸಿಸಿಬಿ ಮಾಡುವ ಕೆಲಸ ಬೇರೆ. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲಿನಲ್ಲಿ ವಾಪಸ್ ಬಂತಾ ಅಂತ ಅದು ಸದಾ ತಾಳೆ ನೋಡುತ್ತಿರುತ್ತದೆ. ಕಡಿಮೆ ಬಂದರೆ ಮಧ್ಯದಲ್ಲಿ ಎಲ್ಲೋ ಸೋರಿದೆ ಅಂತ ಅರ್ಥ, ನೀರಿನ ಮೂಲಕವೋ, ನೀರಲ್ಲಿರುವ ನಿಮ್ಮ ಕೈ ಮೂಲಕವೋ. 30 ಮಿಲಿ ಆಂಪ್ಸ್ ವ್ಯತ್ಯಾಸ ಆಗುವಷ್ಟರಲ್ಲಿ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಟ್ ಮಾಡುತ್ತದೆ. ಅರ್ತಿಂಗ್ ಇಲ್ಲದ ಮನೆಯಲ್ಲೂ ಇದು ಕೆಲಸ ಮಾಡುತ್ತದೆ. ಆದರೆ ಅರ್ತಿಂಗ್ ಇದ್ದರೆ ಸೋರಿಕೆ ಶುರುವಾದಾಗಲೇ ಬೀಳುವ ಸಾಧ್ಯತೆ ಇರುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆ ಬೀಳುತ್ತದೆ, ಅಷ್ಟೇ ವ್ಯತ್ಯಾಸ.

ಕೊಳ್ಳುವಾಗ 30 ಮಿಲಿ ಆಂಪ್ಸಿನದೇ ಕೇಳಿ. 100, 300 ಮಿಲಿ ಆಂಪ್ಸಿನವೂ ಸಿಗುತ್ತವೆ. ಅವು ಬೆಂಕಿ ತಡೆಯಲು, ಮನುಷ್ಯರಿಗಲ್ಲ. ಎಲ್‌ಇಡಿ ಡ್ರೈವರ್, ಡಿಸಿ ಪಂಪ್ ಇದ್ದರೆ ಟೈಪ್ ಎ ಒಳ್ಳೆಯದು. ಮಾಮೂಲಿ ಟೈಪ್ ಎಸಿ ಇಂಥ ಸಾಮಾನಿನ ಸೋರಿಕೆಯನ್ನು ಕೆಲವೊಮ್ಮೆ ಸರಿಯಾಗಿ ಗುರುತಿಸುವುದಿಲ್ಲ.

ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇದ್ದರೆ ಇನ್ನೊಂದು ತಾಪತ್ರಯ. ನೀವು ಊರಿಗೆ ಹೋದಾಗ ಅಡುಗೆಮನೆಯ ಫ್ರಿಜ್ ಸೋರಿ ಟ್ರಿಪ್ ಆದರೆ ಮೀನುಗಳಿಗೂ ಗಾಳಿ ನಿಂತಿತು. ಸ್ವಂತ ಮನೆಯಾದರೆ ತೊಟ್ಟಿಯ ಲೈನಿಗೆ ಬೇರೆ ಆರ್‌ಸಿಬಿಒ ಹಾಕಿಸಿಬಿಡಿ. ಅದು ಆರ್‌ಸಿಸಿಬಿ ಮತ್ತು ಎಂಸಿಬಿ ಎರಡೂ ಸೇರಿದ್ದು. ಆದರೆ ಆ ಲೈನನ್ನು ಮನೆಯ ಆರ್‌ಸಿಸಿಬಿಗೆ ಕರೆಂಟ್ ಬರುವ ಕಡೆಯಿಂದಲೇ ಬೇರೆ ಎಳೆಯಬೇಕು. ಅದರಿಂದ ಕರೆಂಟ್ ಹೊರಬರುವ ಕಡೆ ಜೋಡಿಸಿದರೆ ಫ್ರಿಜ್ ಕಥೆ ಮತ್ತೆ ಅದೇ. ಎಲೆಕ್ಟ್ರಿಷಿಯನ್‌ಗೆ ಇದು ದೊಡ್ಡ ಕೆಲಸ ಅಲ್ಲ. ತೊಟ್ಟಿಗೆ ಹಾಕುವ ದುಡ್ಡಿನಲ್ಲಿ ಒಂದನ್ನು ಕಡಿಮೆ ಮಾಡಲೇಬೇಕು ಅಂದರೆ ಅಲಂಕಾರದ ಕಲ್ಲು ಕಡಿಮೆ ಮಾಡಿ, ಇದನ್ನಲ್ಲ.

3. ಒಂದಲ್ಲ, ಎರಡು ಬೋರ್ಡ್

ಎಂಟು ಸಾಕೆಟ್ಟಿನ ಒಂದು ಬೋರ್ಡ್‌ಗಿಂತ ನಾಲ್ಕು ಸಾಕೆಟ್ಟಿನ ಎರಡು ಬೋರ್ಡ್ ವಾಸಿ. ಒಂದರ ಫ್ಯೂಸ್ ಹೋದರೆ, ಸ್ವಿಚ್ ಕೈಕೊಟ್ಟರೆ, ಇನ್ನೊಂದರಲ್ಲಿ ಏನಾದರೂ ಓಡುತ್ತಿರುತ್ತದೆ. ಮೀನು ಲೈಟ್ ಇಲ್ಲದೆ ವಾರ ಇರಬಲ್ಲವು. ಕಿಕ್ಕಿರಿದ ತೊಟ್ಟಿಯಲ್ಲಿ ಗಾಳಿ, ಫಿಲ್ಟರ್ ಎರಡೂ ನಿಂತರೆ ಕೆಲವೇ ಗಂಟೆಯಲ್ಲಿ ಮೇಲೆ ಬಂದು ಬಾಯಿ ಬಡಿಯತೊಡಗುತ್ತವೆ.

ಮನೆಯಲ್ಲಿ ಯುಪಿಎಸ್ ಇದ್ದರೆ ಹಂಚಿಕೆ ಇನ್ನೂ ಸುಲಭ. ಫಿಲ್ಟರ್, ಏರ್ ಪಂಪ್ ಯುಪಿಎಸ್ ಲೈನಿನ ಬೋರ್ಡಿಗೆ. ಎರಡೂ ಸೇರಿ 25 ವ್ಯಾಟ್, ಬ್ಯಾಟರಿಗೆ ಲೆಕ್ಕಕ್ಕೇ ಇಲ್ಲ. ಹೀಟರ್, ಲೈಟ್, ಉಳಿದದ್ದೆಲ್ಲ ಮಾಮೂಲಿ ಲೈನಿಗೆ. ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಪಂಪ್‌ಗಳು ಗುಂಯ್ ಅಂತ ಸದ್ದು ಮಾಡುತ್ತವೆ, ಬಿಸಿಯೂ ಆಗುತ್ತವೆ. ಸೈನ್ ವೇವ್ ಇದ್ದರೆ ಆ ಕಾಟವಿಲ್ಲ.

ಇಲ್ಲಿ ಎಲ್ಲರೂ ಮರೆಯುವ ಒಂದು ವಿಷಯ. ಕರೆಂಟ್ ಹೋಗಿ ಯುಪಿಎಸ್ ಬ್ಯಾಟರಿಯಲ್ಲಿ ಓಡುವಾಗ, ಅದರ ಹಿಂದೆ ಡಿಬಿಯಲ್ಲಿರುವ ಆರ್‌ಸಿಸಿಬಿಗೆ ಆ ಲೈನಿನ ಸೋರಿಕೆ ಕಾಣುವುದೇ ಇಲ್ಲ. ಯುಪಿಎಸ್ ಔಟ್‌ಪುಟ್‌ಗೆ ಬೇರೆ ರಕ್ಷಣೆ ಇದೆಯಾ, ಅದು ಬ್ಯಾಟರಿಯಲ್ಲಿ ಓಡುವಾಗಲೂ ಬೀಳುತ್ತದಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಖಚಿತ ಮಾಡಿಕೊಳ್ಳಿ. ಕರೆಂಟ್ ಹೋಗಿದೆ, ಈಗ ಕೈ ಹಾಕಬಹುದು ಅಂದುಕೊಳ್ಳುವುದಂತೂ ಬೇಡವೇ ಬೇಡ.

ಬೋರ್ಡಿಗೆ ಬೋರ್ಡ್ ಜೋಡಿಸಬಾರದು. ಎರಡೂ ನೇರವಾಗಿ ಗೋಡೆಯ ಬೇರೆ ಬೇರೆ ಸಾಕೆಟ್ಟಿಗೆ ಹೋಗಲಿ.

4. ಅಂಗಡಿಯಲ್ಲಿ ಏನು ನೋಡಬೇಕು

ಬೆಂಗಳೂರಿನವರಿಗೆ ಬಿವಿಕೆ ಅಯ್ಯಂಗಾರ್ ರಸ್ತೆ ಇದೆ. ಬೇರೆ ಊರಿನಲ್ಲಿ ಒಳ್ಳೆಯ ಎಲೆಕ್ಟ್ರಿಕಲ್ ಅಂಗಡಿ ಯಾವುದಾದರೂ ಸರಿ. ಆನ್‌ಲೈನ್‌ಗಿಂತ ಅಂಗಡಿಯಲ್ಲಿ ಕೊಳ್ಳಿ ಅನ್ನಲು ಒಂದೇ ಕಾರಣ: ಪಿನ್ ಚುಚ್ಚಿ ನೋಡಬಹುದು. ನಿಮ್ಮ ಏರ್ ಪಂಪ್ ಮತ್ತು ಲೈಟಿನ ಅಡಾಪ್ಟರ್ ಜೇಬಿಗೆ ಹಾಕಿಕೊಂಡು ಹೋಗಿ.

ಚುಚ್ಚಿ ನೋಡುವುದು ಹೀಗೆ. ಪಿನ್ ಒಳಗೆ ಹೋಗುವಾಗ ಸ್ವಲ್ಪ ಬಲ ಬೇಕಾಗಬೇಕು. ಪೂರ್ತಿ ಕೂತ ಮೇಲೆ ಪ್ಲಗ್ಗನ್ನು ಎರಡು ಬೆರಳಲ್ಲಿ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಗಡಗಡ ಅಂದರೆ ಆ ಬೋರ್ಡ್ ಬೇಡ. ಆಮೇಲೆ ಬೋರ್ಡನ್ನು ತಲೆಕೆಳಗೆ ಹಿಡಿಯಿರಿ. ಅಡಾಪ್ಟರ್ ತನ್ನ ಭಾರಕ್ಕೇ ಜಾರಿದರೆ ಒಳಗಿನ ಹಿತ್ತಾಳೆ ಪಟ್ಟಿಗೆ ಹಿಡಿತವಿಲ್ಲ. ಟಿವಿ, ಲ್ಯಾಪ್‌ಟಾಪ್‌ಗೆ ಇಂಥದ್ದು ಹೇಗೋ ನಡೆಯುತ್ತದೆ. ತೊಟ್ಟಿಯ ಫಿಲ್ಟರ್ ದಿನಕ್ಕೆ 24 ಗಂಟೆ ಓಡುತ್ತದೆ. ಹೀಟರ್ ಅಂತೂ ಚಳಿಗಾಲದಲ್ಲಿ ರಾತ್ರಿಯಿಡೀ ಆನ್-ಆಫ್ ಆಗುತ್ತಿರುತ್ತದೆ. ಲೂಸ್ ಕಾಂಟ್ಯಾಕ್ಟ್‌ನಲ್ಲಿ ಸಣ್ಣ ಕಿಡಿ ಹಾರುತ್ತದೆ, ಕಿಡಿಯಿಂದ ಲೋಹ ಕಪ್ಪಾಗುತ್ತದೆ, ಕಪ್ಪಾದದ್ದು ಇನ್ನೂ ಬಿಸಿಯಾಗುತ್ತದೆ. ಕಡೆಗೆ ಪ್ಲಾಸ್ಟಿಕ್ ಕರಗುತ್ತದೆ. ಇದಕ್ಕೆ ಸಾವಿರ ವ್ಯಾಟ್ ಬೇಕಿಲ್ಲ, 200 ವ್ಯಾಟ್ ಹೀಟರ್ ಸಾಕು.

ಇದೇ ಕಾರಣಕ್ಕೆ ನನಗೆ ಯೂನಿವರ್ಸಲ್ ಸಾಕೆಟ್ ಇರುವ ಬೋರ್ಡ್ ಇಷ್ಟವಿಲ್ಲ. ದುಂಡು, ಚಪ್ಪಟೆ, ಓರೆ ಎಲ್ಲ ಪಿನ್ನೂ ಹಿಡಿಯುವ ಆ ದೊಡ್ಡ ತೂತು ಯಾವ ಪಿನ್ನನ್ನೂ ಸರಿಯಾಗಿ ಹಿಡಿಯುವುದಿಲ್ಲ. ಅಕ್ವೇರಿಯಂ ಸಾಮಾನು ಬಹಳಷ್ಟು ಚೀನಾದಿಂದ ಬರುವುದರಿಂದ ಚಪ್ಪಟೆ ಪಿನ್ ಜಾಸ್ತಿ, ಅದಕ್ಕೇ ಜನ ಯೂನಿವರ್ಸಲ್ ಕೊಳ್ಳುತ್ತಾರೆ. ನಾನು ಹೇಳುವುದು ಬೇರೆ ದಾರಿ. ನಮ್ಮ ದುಂಡು ಪಿನ್ನಿನ, ಐಎಸ್ 1293 ನಂಬರಿನೊಂದಿಗೆ ಐಎಸ್‌ಐ ಗುರುತು ಇರುವ ಬೋರ್ಡ್ ತನ್ನಿ. ಚಪ್ಪಟೆ ಪಿನ್ನಿನ ಸಾಮಾನಿಗೆ ಎಲೆಕ್ಟ್ರಿಷಿಯನ್ ಹತ್ತಿರ ಒಳ್ಳೆಯ ಪ್ಲಗ್ ಟಾಪ್ ಹಾಕಿಸಿ. ವಾರಂಟಿ ಇರುವಾಗ ವೈರ್ ಕತ್ತರಿಸಲು ಮನಸ್ಸಿಲ್ಲದಿದ್ದರೆ ಬಿಗಿಯಾಗಿ ಕೂರುವ ಕನ್ವರ್ಷನ್ ಪ್ಲಗ್ ಬಳಸಿ, ಆದರೆ ಹೀಟರ್‌ಗೆ ಮಾತ್ರ ಬೇಡ.

ಆಮೇಲೆ ವೈರ್ ಮೇಲಿನ ಅಕ್ಷರ ಓದಿ. ಮೂರು ಕೋರ್ ಇರಬೇಕು. 6 ಆಂಪ್ಸ್ ಬೋರ್ಡಿಗೆ 0.75 ಚದರ ಮಿಲಿಮೀಟರ್ ಕನಿಷ್ಠ, 1.0 ಇದ್ದರೆ ಒಳ್ಳೆಯದು. ಪಿವಿಸಿ ವೈರಿನ ಐಎಸ್‌ಐ ನಂಬರ್ ಐಎಸ್ 694. ವೈರ್ ಮೇಲೆ ಏನೂ ಬರೆದೇ ಇಲ್ಲ ಅಂದರೆ ವಾಪಸ್ ಕೊಟ್ಟುಬಿಡಿ. ಅಗ್ಗದ ಬೋರ್ಡುಗಳಲ್ಲಿ ಹೊರಗೆ ಮೂರು ತೂತು, ಒಳಗೆ ಎರಡೇ ವೈರ್ ಇರುವುದೂ ಉಂಟು. ಅಂಗಡಿಯವರಿಗೆ ಹೇಳಿ ಪ್ಲಗ್ಗಿನ ದಪ್ಪ ಪಿನ್ನಿನಿಂದ ಸಾಕೆಟ್ಟಿನ ದೊಡ್ಡ ತೂತಿಗೆ ಕಂಟಿನ್ಯುಟಿ, ಅಂದರೆ ನಡುವೆ ವೈರ್ ಸೇರಿದೆಯಾ ಅಂತ, ನೋಡಿಸಿ. ಮೀಟರ್ ಕುಂಯ್ ಅನ್ನಬೇಕು.

ಪ್ರತಿ ಸಾಕೆಟ್ಟಿಗೂ ಬೇರೆ ಸ್ವಿಚ್ ಇರಲಿ. ಊಟ ಹಾಕುವಾಗ ಫಿಲ್ಟರ್ ಮಾತ್ರ ಐದು ನಿಮಿಷ ನಿಲ್ಲಿಸಬೇಕಾಗುತ್ತದೆ. ಒಂದೇ ಮಾಸ್ಟರ್ ಸ್ವಿಚ್ ಇರುವ ಬೋರ್ಡ್ ಬೇಡ. ಮನೆಗೆ ಬಂದ ನೆಂಟರು ರಾತ್ರಿ ಲೈಟ್ ಆರಿಸೋಣ ಅಂತ ಅದನ್ನು ಒತ್ತಿಬಿಡುತ್ತಾರೆ. ಸಾಕೆಟ್ಟಿಗೆ ಶಟರ್ ಇರಲಿ. ಮಕ್ಕಳ ಬೆರಳಿಗೆ ಅಂತ ಮಾಡಿದ್ದಾದರೂ ನಮ್ಮಲ್ಲಿ ಮಳೆಗಾಲದ ಇರುವೆಗೂ ಅದು ಬೇಕು. ಅಡಾಪ್ಟರ್ ಡಬ್ಬಿ ಪಕ್ಕದ ಸಾಕೆಟ್ ಮುಚ್ಚುತ್ತದಾ ನೋಡಿ. ನಾಲ್ಕರ ಬೋರ್ಡಿನಲ್ಲಿ ಎರಡೇ ಉಪಯೋಗಕ್ಕೆ ಬಂದರೆ ಏನು ಬಂತು?

ಸ್ಪೈಕ್ ಗಾರ್ಡ್ ಬೇಕಾ? ದುಬಾರಿ ಎಲ್‌ಇಡಿ, ಡಿಸಿ ಪಂಪ್ ಇದ್ದರೆ ಬೇಕು. ಒಳಗಿರುವ ಎಂಒವಿ ಅನ್ನುವ ಭಾಗ ವೋಲ್ಟೇಜ್ ಏಟನ್ನು ತಾನು ತಿನ್ನುತ್ತದೆ, ಏಟು ತಿಂದು ತಿಂದು ಸವೆಯುತ್ತದೆ ಕೂಡ. ರಕ್ಷಣೆ ಇದೆ ಅಂತ ತೋರಿಸುವ ದೀಪ ಆರಿದರೆ ಅದು ಬರೀ ಬೋರ್ಡ್ ಅಷ್ಟೇ. ಲೋ ವೋಲ್ಟೇಜನ್ನು ಅದು ಸರಿ ಮಾಡುವುದಿಲ್ಲ, ಅದಕ್ಕೆ ಸ್ಟೆಬಿಲೈಸರ್ ಬೇಕು. ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿಗೆ ಯಾವ ಸ್ಪೈಕ್ ಗಾರ್ಡೂ ಗ್ಯಾರಂಟಿ ಅಲ್ಲ. ಲೈಟಿನ ಪಿನ್ ಕಿತ್ತಿಡುವುದೇ ಸರಿ.

5. ಕೂರಿಸುವುದು

ಬೋರ್ಡ್ ನೆಲದ ಮೇಲೆ ಇರಬಾರದು. ತೊಟ್ಟಿಯ ಅಂಚಿನ ನೇರ ಕೆಳಗೂ ಇರಬಾರದು. ಸ್ಟ್ಯಾಂಡಿನ ಪಕ್ಕದ ಗೋಡೆಗೆ, ತೊಟ್ಟಿಯಿಂದ ಒಂದೆರಡು ಅಡಿ ಆಚೆ, ಆದಷ್ಟೂ ಎತ್ತರದಲ್ಲಿ ಸ್ಕ್ರೂ ಹಾಕಿ ಬಿಗಿಯಿರಿ. ಸಾಕೆಟ್‌ಗಳು ಆಕಾಶ ನೋಡುವಂತೆ ಮಲಗಿಸಬೇಡಿ, ಬೋರ್ಡ್ ನೆಟ್ಟಗೆ ಗೋಡೆಗೆ ಅಂಟಿಕೊಂಡಿರಲಿ. ಸ್ಟ್ಯಾಂಡಿನ ಒಳಗೆ ಇಡಲೇಬೇಕಾದರೆ ಬಾಗಿಲ ಹತ್ತಿರ, ಮೇಲಿನ ಮೂಲೆಯಲ್ಲಿ ಇಡಿ. ಒಳಗೆ ಸಂಪ್, ಅಂದರೆ ಮೇಲಿನ ತೊಟ್ಟಿಯ ನೀರು ಇಳಿದು ಸೋಸುವ ಇನ್ನೊಂದು ತೊಟ್ಟಿ, ಇದ್ದರೆ ಅಲ್ಲಿ ಬೇಡ. ಸಂಪಿನ ಆವಿ ತಣ್ಣಗಾಗಿ ಬೋರ್ಡಿನ ಮೇಲೇ ಹನಿಕಟ್ಟುತ್ತದೆ.

ಪ್ರತಿ ವೈರೂ ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಇಳಿದು, ಜೋತುಬಿದ್ದು, ಮತ್ತೆ ಮೇಲೆ ಹತ್ತಿ ಪಿನ್ ಸೇರಬೇಕು. ತೊಟ್ಟಿಯಿಂದ ವೈರ್ ಗುಂಟ ಜಾರಿ ಬಂದ ನೀರು ಆ ಬಳುಕಿನ ತಳದಲ್ಲಿ ನೆಲಕ್ಕೆ ತೊಟ್ಟಿಕ್ಕುತ್ತದೆ, ಸಾಕೆಟ್ ತಲುಪುವುದಿಲ್ಲ. ವೈರ್ ಉದ್ದ ಸಾಲದೆ ನೇರ ಎಳೆದು ಕಟ್ಟಿದ್ದರೆ ಬೋರ್ಡಿನ ಜಾಗ ಬದಲಿಸಿ.

ಏರ್ ಪಂಪಿನ ಕಥೆ ಬೇರೆ. ಅದನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಇಟ್ಟಿದ್ದರೆ, ಕರೆಂಟ್ ಹೋದ ತಕ್ಷಣ ತೊಟ್ಟಿಯ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಬರಬಹುದು. ಪಂಪ್ ತುಂಬಿ, ಅಲ್ಲಿಂದ ಅದರ ವೈರ್ ಹಿಡಿದು ಬೋರ್ಡಿನ ದಾರಿ. ನಮ್ಮೂರುಗಳಲ್ಲಿ ಕರೆಂಟ್ ಹೋಗುವುದು ಅಪರೂಪವೇನಲ್ಲ. ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿ, ಗಾಳಿ ಯಾವ ದಿಕ್ಕಿಗೆ ಹೋಗುತ್ತದೆ ಅಂತ ಊದಿ ನೋಡಿ ಹಾಕಿ. ಅದಕ್ಕಿಂತಲೂ ಪಂಪನ್ನೇ ನೀರಿನ ಮಟ್ಟದಿಂದ ಮೇಲೆ ಇಟ್ಟರೆ ಚಿಂತೆಯೇ ಇಲ್ಲ.

ಪ್ರತಿ ಪ್ಲಗ್ಗಿಗೂ ಚೀಟಿ ಅಂಟಿಸಿ: ಫಿಲ್ಟರ್, ಹೀಟರ್, ಗಾಳಿ. ಕನ್ನಡದಲ್ಲೇ ಬರೆಯಿರಿ. ನೀವಿಲ್ಲದಾಗ ನೋಡಿಕೊಳ್ಳುವ ಅಮ್ಮನಿಗೋ ಪಕ್ಕದ ಮನೆಯವರಿಗೋ ಫೋನಿನಲ್ಲಿ ಹೇಳುವುದು ಸುಲಭವಾಗುತ್ತದೆ.

6. ಟೈಮರ್

ಲೈಟಿಗೆ ದಿನಕ್ಕೆ 6ರಿಂದ 8 ಗಂಟೆ ಸಾಕು, ಜಾಸ್ತಿ ಬಿಟ್ಟರೆ ಪಾಚಿ. ಟೈಮರ್ ಅಥವಾ ಸ್ಮಾರ್ಟ್ ಪ್ಲಗ್ ಲೈಟಿಗೆ ಮಾತ್ರ ಹಾಕಿ. ಗಿಡದ ತೊಟ್ಟಿಯಲ್ಲಿ ಸಿಒ2 ವಾಲ್ವ್ ಇದ್ದರೆ ಅದಕ್ಕೆ ಇನ್ನೊಂದು, ಲೈಟಿಗಿಂತ ಒಂದು ಗಂಟೆ ಮೊದಲು ಆನ್ ಆಗುವಂತೆ. ಫಿಲ್ಟರ್‌ಗೆ ಟೈಮರ್ ಹಾಕಬೇಡಿ.

7. ಕೈ ಹಾಕುವ ಮೊದಲು

ನೀರು ಬದಲಿಸುವಾಗ, ಗಾಜು ಉಜ್ಜುವಾಗ ಸ್ವಿಚ್ ಆರಿಸಿದರೆ ಸಾಲದು, ಎರಡೂ ಬೋರ್ಡಿನ ಪ್ಲಗ್ ಗೋಡೆಯಿಂದ ಕೀಳಿ. ಯಾಕೆಂದರೆ ಬೋರ್ಡಿನ ಸ್ವಿಚ್ ಸಾಮಾನ್ಯವಾಗಿ ಒಂದೇ ವೈರ್ ಕತ್ತರಿಸುತ್ತದೆ. ಗೋಡೆಯಲ್ಲಿ ಫೇಸ್-ನ್ಯೂಟ್ರಲ್ ಅದಲುಬದಲಾಗಿದ್ದರೆ ಅದು ಕತ್ತರಿಸುವುದು ನ್ಯೂಟ್ರಲ್ಲನ್ನು. ಪಂಪ್ ನಿಂತಿರುತ್ತದೆ, ಫೇಸ್ ಮಾತ್ರ ನೀರಿನೊಳಗಿನ ಪಂಪಿನವರೆಗೂ ಹಾಗೇ ಇರುತ್ತದೆ. ಫೇಸ್ ಎಲ್ಲಿದೆ ಅಂತ ಕೇಳಿ ಅಂದಿದ್ದು ಇದಕ್ಕೇ.

ಹೀಟರ್ ಪಿನ್ ಕಿತ್ತ ಮೇಲೂ 15 ನಿಮಿಷ ನೀರಲ್ಲೇ ಬಿಡಿ. ಬಿಸಿ ಗಾಜು ನೀರಿನಿಂದ ಹೊರಬಂದು ಮತ್ತೆ ತಣ್ಣೀರು ತಾಗಿದರೆ ಸೀಳುತ್ತದೆ. ಸೀಳಿದ ಹೀಟರ್‌ಗಿಂತ ಅಪಾಯದ ಸಾಮಾನು ತೊಟ್ಟಿಯಲ್ಲಿ ಇನ್ನೊಂದಿಲ್ಲ.

8. ಆಮೇಲಿನ ನಿಗಾ

ಹೊಸ ಬೋರ್ಡ್ ಹಾಕಿದ ದಿನ, ಒಂದೆರಡು ಗಂಟೆ ಓಡಿದ ಮೇಲೆ, ಒಣಗಿದ ಕೈಯ ಹಿಂಭಾಗದಿಂದ ಪ್ರತಿ ಪ್ಲಗ್ ಮುಟ್ಟಿ ನೋಡಿ. ಅಡಾಪ್ಟರ್ ಬೆಚ್ಚಗಿದ್ದರೆ ಪರವಾಗಿಲ್ಲ. ಹೀಟರಿನ ಪ್ಲಗ್ ಬಿಸಿಯಾಗಿದ್ದರೆ ಆ ಸಾಕೆಟ್ಟಿನ ಹಿಡಿತ ಸರಿಯಿಲ್ಲ. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಟಪ್ ಅಂತ ಬೀಳಬೇಕು. ಪಿನ್ ಮೇಲೆ ಹಸಿರು ಕಿಲುಬು, ಕಪ್ಪು ಕಲೆ ಕಂಡರೆ ಬೋರ್ಡ್ ಬದಲಿಸಿ. ಕರಾವಳಿಯಲ್ಲಿ, ಉಪ್ಪುನೀರಿನ ತೊಟ್ಟಿ ಇರುವ ಮನೆಯಲ್ಲಿ ಇದು ಬೇಗ ಬರುತ್ತದೆ. ಉಪ್ಪು ಬಿಳಿ ಪುಡಿಯಾಗಿ ವೈರ್ ಗುಂಟ ತೆವಳುತ್ತದೆ.

ನೀರಿಗೆ ಕೈ ಹಾಕಿದಾಗ ಜುಮ್ ಅಂದರೆ, ಅದರಲ್ಲೂ ಬೆರಳಲ್ಲಿ ಸಣ್ಣ ಗಾಯ ಇದ್ದಾಗ ಮಾತ್ರ ಅಂದರೂ, ಉದಾಸೀನ ಬೇಡ. ಟೆಸ್ಟರ್ ಅದ್ದಿ ನೋಡಿದರೆ ಪೂರ್ತಿ ವಿಷಯ ಗೊತ್ತಾಗುವುದಿಲ್ಲ. ಅದರ ನಿಯಾನ್ ದೀಪ ಚೂರೇ ಚೂರು ಕರೆಂಟಿಗೂ ಹೊಳೆಯುತ್ತದೆ. ಏನೂ ಕೆಟ್ಟಿಲ್ಲದ ತೊಟ್ಟಿಯಲ್ಲೂ ಪಂಪಿನ ಕಾಯಿಲಿನಿಂದ ಅಷ್ಟು ಬರಬಹುದು. ಎಲ್ಲದರ ಪಿನ್ ಕಿತ್ತು, ಆರ್‌ಸಿಸಿಬಿ ಇರುವ ಲೈನಿನಲ್ಲಿ ಒಂದೊಂದನ್ನೇ ಮತ್ತೆ ಹಾಕುತ್ತಾ ಬನ್ನಿ, ನೀರು ಮುಟ್ಟದೆ. ಯಾವುದನ್ನು ಹಾಕಿದಾಗ ಬೀಳುತ್ತದೋ ಅದನ್ನು ರಿಪೇರಿಗೆ ಕೊಡಬೇಡಿ, ಎಸೆಯಿರಿ. ಯಾವುದಕ್ಕೂ ಬೀಳಲಿಲ್ಲ ಅಂದರೆ ಎಲೆಕ್ಟ್ರಿಷಿಯನ್ ಬಂದು ಮೀಟರ್ ಹಿಡಿಯುವವರೆಗೆ ತೊಟ್ಟಿಗೆ ಬ್ಯಾಟರಿ ಏರ್ ಪಂಪ್ ಒಂದೇ ಸಾಕು.

ಬೋರ್ಡಿನೊಳಗೆ ನೀರು ಹೋದರೆ ಅದನ್ನು ಮುಟ್ಟಲು ಹೋಗಬೇಡಿ. ಮೊದಲು ಡಿಬಿಯಲ್ಲಿ ಮೇನ್ ಆಫ್ ಮಾಡಿ, ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಿ, ಆಮೇಲೆ ಪ್ಲಗ್ ಕೀಳಿ. ಬಿಸಿಲಿಗೆ ಒಣಗಿಸಿ ಮತ್ತೆ ಬಳಸುವುದು ಬೇಡ, ಒಳಗಿನ ತುಕ್ಕು ಹೊರಗೆ ಕಾಣುವುದಿಲ್ಲ. ಬಿಸಾಡುವಾಗ ಪ್ಲಗ್ಗಿನ ಬುಡದಲ್ಲಿ ವೈರ್ ಕತ್ತರಿಸಿ ಬಿಸಾಡಿ, ಇನ್ಯಾರೋ ಎತ್ತಿಕೊಂಡು ಹೋಗಿ ಮನೆಯಲ್ಲಿ ಹಾಕಿಕೊಳ್ಳದ ಹಾಗೆ.